ಗಲ್ಫ್‌ನ ಕಾರು ಊರಿಗೆ ತರಬೇಕೋ, ಇಲ್ಲೇ ಹಳೆ ಕಾರು ಹುಡುಕಬೇಕೋ? ಕಲಬುರಗಿ, ಬೀದರ್, ಯಾದಗಿರಿಯವರಿಗೆ ಒಂದು ಲೆಕ್ಕಾಚಾರ

ಮೊದಲೇ ಹೇಳಿಬಿಡುತ್ತೇನೆ. ಸೌದಿ, ದುಬೈ, ಕತಾರ್, ಕುವೈತ್ ರಸ್ತೆಯಲ್ಲಿ ಓಡುತ್ತಿರುವ ಹಳೆ ಕಾರನ್ನು ಕಲಬುರಗಿಗೆ ತಂದು ಕೆಎ-32 ನಂಬರ್ ಹಾಕಿಸಲು ಬರುವುದಿಲ್ಲ. ದುಡ್ಡಿನ ಮಾತು ಆಮೇಲೆ. ಆ ಗಾಡಿಗಳ ಸ್ಟೇರಿಂಗ್ ಎಡಗಡೆ ಇರುತ್ತದೆ. ನಮ್ಮ ಆಮದು ನಿಯಮ ಬಲಗಡೆ ಸ್ಟೇರಿಂಗ್ ಕೇಳುತ್ತದೆ. ಅಲ್ಲಿಗೇ ಮಾತು ಮುಗಿಯಿತು.

ಇಷ್ಟು ಸಣ್ಣ ವಿಷಯ ಹೇಳಲು ಇಷ್ಟುದ್ದ ಬರೆಯಬೇಕಾ ಅಂದರೆ, ಬರೆಯಬೇಕು. ನಾನು ಕಲಬುರಗಿಯಲ್ಲಿ ವಾಹನ ವಿಮೆ ಮತ್ತು ಆರ್‌ಟಿಒ ಕಾಗದದ ಕೆಲಸ ಮಾಡುತ್ತೇನೆ. ಈದ್ ರಜೆ ಹತ್ತಿರ ಬಂದರೆ ಫೋನು ಶುರುವಾಗುತ್ತದೆ. "ಅಣ್ಣಾರ, ಎರಡು ವರ್ಷದ ಕ್ಯಾಮ್ರಿ ಸಸ್ತಾ ಸಿಗ್ಲಾಕತ್ತದ, ಕಂಟೇನರ್‌ನ್ಯಾಗ ಹಾಕಿ ಕಳಿಸಿದ್ರ ನಡಿತದೇನ್ರಿ?" ಬೀದರ್, ಬಸವಕಲ್ಯಾಣ, ಹುಮನಾಬಾದ್ ಕಡೆಯ ಹುಡುಗರೂ ಇದನ್ನೇ ಕೇಳುತ್ತಾರೆ. ಅವರ ಆಸೆ ತಪ್ಪೇನಲ್ಲ. ಅಲ್ಲಿನ ಕಾರು ದೊಡ್ಡದು, ಎಸಿ ಜೋರು, ಬೆಲೆ ಕೇಳಿದರೆ ಇಲ್ಲಿನ ಸಣ್ಣ ಹೊಸ ಕಾರಿನಷ್ಟೇ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿಗೆ ಆ ಎಸಿ ಒಂದೇ ಸಾಕು ಅನಿಸುತ್ತದೆ. ಆದರೆ ನಿಮ್ಮ ಮುಂದಿರುವ ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಚಿತ್ರ ಬೇರೆಯೇ ಆಗುತ್ತದೆ.

ತರುವ ದಾರಿ: ಯಾರಿಗೆ ತೆರೆದಿದೆ?

ಹಳೆ ಕಾರು ಆಮದು ಮಾಡಲು ವಿದೇಶ ವ್ಯಾಪಾರ ಇಲಾಖೆಯ ಷರತ್ತುಗಳಿವೆ. ಕಾರು ತಯಾರಾದ ದಿನದಿಂದ 3 ವರ್ಷ ಮೀರಿರಬಾರದು. ನೀವು ಕೊಂಡ ದಿನದಿಂದ ಅಲ್ಲ, ಕಾರ್ಖಾನೆಯಿಂದ ಹೊರಬಿದ್ದ ದಿನದಿಂದ. ಸ್ಟೇರಿಂಗ್ ಬಲಗಡೆ ಇರಬೇಕು. ಸ್ಪೀಡೋಮೀಟರ್ ಕಿಲೋಮೀಟರ್‌ನಲ್ಲಿ ಇರಬೇಕು. ಹೆಡ್‌ಲೈಟ್ ಎಡಬದಿಯ ಸಂಚಾರಕ್ಕೆ ಹೊಂದುವ ಹಾಗೆ ಬೆಳಕು ಚೆಲ್ಲಬೇಕು. ಆಮದಾದ ಮೇಲೆ ಇನ್ನೂ 5 ವರ್ಷ ಓಡುವ ಸ್ಥಿತಿಯಲ್ಲಿರಬೇಕು, ಅಷ್ಟು ಕಾಲ ಸರ್ವಿಸ್ ಸಿಗುತ್ತದೆ ಎಂಬ ಭರವಸೆಯೂ ಬೇಕು. ಹಡಗು ಹತ್ತುವ ಮುಂಚೆ ಒಂದು ತಪಾಸಣೆ ಸರ್ಟಿಫಿಕೇಟ್, ಇಳಿದ ಮೇಲೆ ಇಲ್ಲಿನ ಪರೀಕ್ಷಾ ಸಂಸ್ಥೆಯಲ್ಲಿ ಮತ್ತೊಂದು ಪರೀಕ್ಷೆ. ಪುಣೆಯ ಎಆರ್‌ಎಐ ಅಂಥ ಒಂದು ಸಂಸ್ಥೆ. ಇನ್ನೊಂದು ಮಾತು, ಹಳೆ ಕಾರು ಇಳಿಸಲು ಮುಂಬೈ ಬಂದರು ಒಂದೇ. ಚೆನ್ನೈಗೆ ಹಾಕುತ್ತೇನೆ, ಮಂಗಳೂರಿಗೆ ಹಾಕುತ್ತೇನೆ ಅನ್ನುವ ಏಜೆಂಟ್‌ನ ಮಾತಿಗೆ ಅಲ್ಲೇ ಪೂರ್ಣವಿರಾಮ ಹಾಕಿ.

ಆರೂ ಗಲ್ಫ್ ದೇಶಗಳಲ್ಲಿ ಬಲಬದಿ ಸಂಚಾರ, ಎಡ ಸ್ಟೇರಿಂಗ್. ಅಮೆರಿಕ, ಜರ್ಮನಿಯಲ್ಲೂ ಹಾಗೇ. ಹಾಗಾಗಿ ಈ ದಾರಿ ಉಳಿಯುವುದು ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜಪಾನ್, ಸಿಂಗಪುರ, ಮಲೇಷ್ಯಾ, ದಕ್ಷಿಣ ಆಫ್ರಿಕಾ ಇಂಥ ಕಡೆ ಇರುವವರಿಗೆ ಮಾತ್ರ. ಅದರಲ್ಲೂ ಬ್ರಿಟನ್ನಿನ ಮೀಟರ್ ಮೈಲಿ ಲೆಕ್ಕ ತೋರಿಸುತ್ತದೆ. ಡಿಜಿಟಲ್ ಮೀಟರ್ ಆದರೆ ಬದಲಿಸಬಹುದು, ಮುಳ್ಳಿನ ಮೀಟರ್ ಆದರೆ ತಲೆನೋವು.

ಸ್ಟೇರಿಂಗ್ ಅನ್ನೇ ಬಲಗಡೆಗೆ ಬದಲಿಸಿದರೆ? ಕೇಳುವವರಿದ್ದಾರೆ. ಡ್ಯಾಶ್‌ಬೋರ್ಡ್, ಪೆಡಲ್, ವೈಪರ್, ಏರ್‌ಬ್ಯಾಗ್, ವೈರಿಂಗ್ ಎಲ್ಲ ಕಿತ್ತು ಆಕಡೆ ಈಕಡೆ ಮಾಡಿದ ಗಾಡಿಯಲ್ಲಿ ನಾನಂತೂ ಮನೆಯವರನ್ನು ಕೂರಿಸುವುದಿಲ್ಲ. ಪರೀಕ್ಷೆಯಲ್ಲಿ ಪಾಸಾಗುವ ಮಾತು ಬೇರೆ.

ಸುಂಕದ ಲೆಕ್ಕ

ಬಲ ಸ್ಟೇರಿಂಗ್ ದೇಶದಲ್ಲಿದ್ದೀರಿ ಅಂದುಕೊಳ್ಳಿ. ಕಾರಿನ ಬೆಲೆ, ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿ ಕಸ್ಟಮ್ಸ್ ಲೆಕ್ಕಕ್ಕೆ 10 ಲಕ್ಷ ಆಯಿತು ಅಂತ ಇಟ್ಟುಕೊಳ್ಳೋಣ. ಹಳೆ ಕಾರಿಗೆ ಮೂಲ ಸುಂಕ ಶೇ 70, ಅದರ ಜೊತೆ ಕೃಷಿ ಮೂಲಸೌಕರ್ಯದ ಸೆಸ್ ಶೇ 67.5. ಎರಡೂ ಸೇರಿ ಶೇ 137.5. 2025ರ ಬಜೆಟ್‌ನಲ್ಲಿ ಸುಂಕ 125ರಿಂದ 70ಕ್ಕೆ ಇಳಿಯಿತು ಎಂಬ ಸುದ್ದಿ ನೋಡಿ ಖುಷಿಪಟ್ಟವರು ಪಕ್ಕದಲ್ಲಿ ಸೇರಿದ ಸೆಸ್ ನೋಡಿರಲಿಲ್ಲ. ಒಟ್ಟು ಹೊರೆ ಮೊದಲು ಎಷ್ಟಿತ್ತೋ ಅಷ್ಟೇ ಇದೆ.

ಹಾಗಾಗಿ 10 ಲಕ್ಷದ ಕಾರು ಸುಂಕ ಸೇರಿ 23.75 ಲಕ್ಷ ಆಯಿತು. ಇದರ ಮೇಲೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರಿಗೆ ಶೇ 40. ಅಂದರೆ ಇನ್ನೊಂದು 9.5 ಲಕ್ಷ. ಒಟ್ಟು 33.25 ಲಕ್ಷ. ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಸಣ್ಣ ಪೆಟ್ರೋಲ್ ಕಾರಾದರೆ ಜಿಎಸ್‌ಟಿ ಶೇ 18, ಆಗಲೂ ಒಟ್ಟು 28 ಲಕ್ಷ ದಾಟುತ್ತದೆ. ಸಣ್ಣ ಕಾರಿಗೆ 28 ಲಕ್ಷ! ಇದಾದ ಮೇಲೆ ನಂಬರ್ ಪಡೆಯುವಾಗ ಒಂದೇ ಸಲ ಕಟ್ಟುವ ಕರ್ನಾಟಕದ ರಸ್ತೆ ತೆರಿಗೆ, ಅಂದರೆ ಲೈಫ್ ಟ್ಯಾಕ್ಸ್, ಕಾಯುತ್ತಿರುತ್ತದೆ.

"ಸಸ್ತಾಕ್ಕೆ ಕೊಂಡಿದ್ದೀನಿ, ಬಿಲ್ ಕಡಿಮೆ ಇದೆ" ಅನ್ನುವ ಮಾತು ಕಸ್ಟಮ್ಸ್‌ನಲ್ಲಿ ನಡೆಯುವುದಿಲ್ಲ. ಅವರು ಆ ಮಾಡೆಲ್ ಹೊಸದಾಗಿದ್ದಾಗಿನ ಬೆಲೆ ಹಿಡಿದು ಸವಕಳಿ ಕಳೆಯುತ್ತಾರೆ. ಮೊದಲ ವರ್ಷ ಪ್ರತಿ ಮೂರು ತಿಂಗಳಿಗೆ ಶೇ 4, ಎರಡನೇ ವರ್ಷ ಶೇ 3, ಮೂರನೇ ವರ್ಷ ಶೇ 2.5. ಪೂರಾ ಎರಡು ವರ್ಷದ ಗಾಡಿಗೆ ಸಿಗುವ ಕಡಿತ ಶೇ 28 ಮಾತ್ರ. ಮಾರುಕಟ್ಟೆಯಲ್ಲಿ ನಿಮಗೆ ಅರ್ಧ ಬೆಲೆಗೆ ಸಿಕ್ಕಿದ್ದರೂ ಸುಂಕ ಕಟ್ಟುವುದು ಈ ಲೆಕ್ಕದ ಮೇಲೆ.

ಇನ್ನೊಂದು ಭ್ರಮೆ, ಪೂರ್ತಿ ವಾಪಸ್ ಬರುವವರಿಗೆ ಮನೆ ಸಾಮಾನಿನ ಜೊತೆ ಕಾರಿಗೂ ರಿಯಾಯಿತಿ ಸಿಗುತ್ತದೆ ಎಂಬುದು. ಟಿವಿ, ಫ್ರಿಜ್, ವಾಷಿಂಗ್ ಮೆಷಿನ್‌ಗೆ ಏನೋ ಸಿಗುತ್ತದೆ, ಸರಿ. ಆದರೆ ಕಸ್ಟಮ್ಸ್ ಕಾಯ್ದೆಯಲ್ಲಿ ಬ್ಯಾಗೇಜ್ ಅಂದರೆ ಏನು ಅಂತ ಬರೆದಿರುವ ಕಡೆಯೇ ಮೋಟಾರು ವಾಹನವನ್ನು ಹೊರಗಿಟ್ಟಿದ್ದಾರೆ.

ನನ್ನ ಅಭಿಪ್ರಾಯ ಕೇಳಿದರೆ, ಈ ದಾರಿ ಇರುವುದು ಭಾರತದಲ್ಲಿ ಸಿಗದೇ ಇರುವ, ಮನಸ್ಸಿಗೆ ಹಚ್ಚಿಕೊಂಡ ಗಾಡಿ ಬೇಕೇ ಬೇಕು ಅನ್ನುವ ಶ್ರೀಮಂತರಿಗೆ. ದುಡ್ಡು ಉಳಿಸುವ ಲೆಕ್ಕದಲ್ಲಿ ಯಾರೂ ಇದಕ್ಕೆ ಕೈಹಾಕಬಾರದು. ಬಂಪರ್ ಒಡೆದರೆ ಕಲಬುರಗಿಯಲ್ಲೂ ಸಿಗಲ್ಲ, ಹೈದರಾಬಾದ್‌ನಲ್ಲೂ ಸಿಗಲ್ಲ, ಮತ್ತೆ ಹಡಗಿನಲ್ಲೇ ಬರಬೇಕು.

ಹಾಗಾದರೆ ಗಲ್ಫ್ ನಂಬರ್ ಕಾರು ಇಲ್ಲಿ ಹೇಗೆ ಓಡುತ್ತವೆ?

ಕೇರಳದ ಕಡೆ ದುಬೈ ಪ್ಲೇಟಿನ ಗಾಡಿ ನೋಡಿದವರು ಇದನ್ನೇ ಕೇಳುತ್ತಾರೆ. ಅವು ಕಾರ್ನೆಟ್ ಮೇಲೆ ಬಂದ ಗಾಡಿಗಳು. ಪ್ರವಾಸಿಗಳ ಹಾಗೆ ಬಂದು ವಾಪಸ್ ಹೋಗುವ ಷರತ್ತಿನ ಮೇಲೆ ಅಲ್ಲಿನ ಆಟೊಮೊಬೈಲ್ ಕ್ಲಬ್ ಒಂದು ದಾಖಲೆ ಕೊಡುತ್ತದೆ. ಅದಕ್ಕೆ ದೊಡ್ಡ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ಇಡಬೇಕು. ಆರು ತಿಂಗಳು ಓಡಿಸಬಹುದು. ಮಾರುವ ಹಾಗಿಲ್ಲ, ಬಿಟ್ಟುಹೋಗುವ ಹಾಗಿಲ್ಲ. ಗಾಡಿ ವಾಪಸ್ ಹೋಗದಿದ್ದರೆ ಆ ಗ್ಯಾರಂಟಿಯಿಂದಲೇ ಸುಂಕ ವಸೂಲಾಗುತ್ತದೆ. ಕುಟುಂಬದ ಜೊತೆ ಊರೂರು ಸುತ್ತುವ ಹುಚ್ಚಿದ್ದರೆ ಒಳ್ಳೆ ಅನುಭವ. ಊರಿನ ಕಾರಿಗೆ ಬದಲಿ ಅಲ್ಲ.

"ಮುಂಬೈ ಕಸ್ಟಮ್ಸ್ ಹರಾಜಿನ ಗಾಡಿ", "ಎಂಬಸಿ ಗಾಡಿ", "ಈಶಾನ್ಯದ ರಿಜಿಸ್ಟ್ರೇಷನ್, ಕಾಗದ ಎಲ್ಲ ಪಕ್ಕಾ" ಅಂತ ಯಾರಾದರೂ ಅರ್ಧ ಬೆಲೆಗೆ ದೊಡ್ಡ ಗಾಡಿ ತೋರಿಸಿದರೆ ದೂರ ಇರಿ. 2021ರಲ್ಲಿ ರಾಜತಾಂತ್ರಿಕರ ಹೆಸರಲ್ಲಿ ಸುಂಕವಿಲ್ಲದೆ ತಂದು ಬೇರೆಯವರಿಗೆ ಮಾರಿದ ಗಾಡಿಗಳ ಜಾಲವನ್ನು ಕಂದಾಯ ಗುಪ್ತಚರ ನಿರ್ದೇಶನಾಲಯ ಹಿಡಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಭೂತಾನದ ಮೂಲಕ ನುಸುಳಿಸಿದ ಗಾಡಿಗಳಿಗಾಗಿ ಕೇರಳದಲ್ಲಿ ಕಸ್ಟಮ್ಸ್‌ನವರು ಮನೆಮನೆ ಹುಡುಕಿದರು. ಅಂಥ ಗಾಡಿ ಜಪ್ತಿಯಾದರೆ ಹೋಗುವುದು ಕೊನೆಯಲ್ಲಿ ಕೊಂಡವನ ದುಡ್ಡು. ಮಾರಿದವನ ಫೋನು ಅಷ್ಟೊತ್ತಿಗೆ ಸ್ವಿಚ್ ಆಫ್.

ಅಲ್ಲೇ ಕೊಂಡು, ಅಲ್ಲೇ ಮಾರಿ ಬರುವುದು

ಗಲ್ಫ್‌ನಲ್ಲಿರುವವರಿಗೆ ಇದೇ ಸರಿ. ಇರುವಷ್ಟು ದಿನ ಓಡಿಸಿ, ಬರುವಾಗ ಮಾರಿ, ದುಡ್ಡು ತನ್ನಿ.

ಕೊಳ್ಳುವಾಗಲೇ ಮಾರುವುದರ ಬಗ್ಗೆ ಯೋಚಿಸಬೇಕು. ದುಬೈ, ಶಾರ್ಜಾ ಮಾರುಕಟ್ಟೆಯಲ್ಲಿ ಅಮೆರಿಕದಿಂದ ಬಂದ ಗಾಡಿಗಳು ಬಹಳ. ಅಮೆರಿಕದಲ್ಲಿ ಅಪಘಾತವಾಗಿ, ವಿಮೆ ಕಂಪನಿ ಕೈಬಿಟ್ಟ ಮೇಲೆ ಹರಾಜಾಗಿ, ದುಬೈ ಕಡೆಗೆ ಬಂದು ಟಿಂಕರಿಂಗ್, ಪೇಂಟಿಂಗ್ ಮಾಡಿಸಿಕೊಂಡು ಹೊಳೆಯುತ್ತಾ ನಿಂತಿರುತ್ತವೆ. ಅದೇ ಮಾಡೆಲ್, ಅದೇ ವರ್ಷ, ಬೆಲೆ ಮಾತ್ರ ಬಹಳ ಕಡಿಮೆ ಅಂದರೆ ಕಾರಣ ಇದೇ ಇರುತ್ತದೆ. ಜಿಸಿಸಿ ಸ್ಪೆಕ್, ಅಂದರೆ ಗಲ್ಫ್ ದೇಶಗಳಿಗೆಂದೇ ತಯಾರಾದ ಗಾಡಿಯನ್ನೇ ಕೇಳಿ. ಅಲ್ಲಿನ ಬಿಸಿಲಿಗೆ ತಕ್ಕ ರೇಡಿಯೇಟರ್, ಎಸಿ ಇರುತ್ತದೆ, ಮಾರುವಾಗ ಬೇಗ ಗಿರಾಕಿ ಸಿಗುತ್ತಾರೆ. 17 ಅಂಕಿ ಅಕ್ಷರದ ಚಾಸಿ ನಂಬರ್ ಹಾಕಿ ಇತಿಹಾಸ ತೆಗೆಸುವುದಕ್ಕೆ ಆಗುವ ಖರ್ಚು ಒಂದು ಸಲದ ಹೋಟೆಲ್ ಊಟದಷ್ಟು.

ಸೌದಿಯಲ್ಲಿರುವವರು ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ನಿಮ್ಮ ಹೆಸರಲ್ಲಿ ಗಾಡಿ ಇರುವವರೆಗೆ ಫೈನಲ್ ಎಕ್ಸಿಟ್, ಅಂದರೆ ದೇಶ ಬಿಟ್ಟು ಪೂರ್ತಿ ವಾಪಸ್ ಬರುವ ಪರವಾನಗಿ, ಸಿಗುವುದಿಲ್ಲ. ಟ್ರಾಫಿಕ್ ದಂಡ ಬಾಕಿ ಇದ್ದರೂ ಹಾಗೇ. ಟಿಕೆಟ್ ಬುಕ್ ಮಾಡಿ, ಸಾಮಾನು ಕಾರ್ಗೋಗೆ ಹಾಕಿ, ಕೊನೆಯ ವಾರ ಗಾಡಿ ಮಾರಲು ಹೊರಟವರು ಹರಾಜ್ ಅನ್ನುವ ಅಲ್ಲಿನ ಹಳೆ ಗಾಡಿ ಮಾರುಕಟ್ಟೆಯಲ್ಲಿ ಕೇಳಿದ ಬೆಲೆಗೆ ಕೊಟ್ಟು ಬರುತ್ತಾರೆ. ಅಲ್ಲಿನ ದಲ್ಲಾಳಿಗೆ ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತದೆ, ಈ ಮನುಷ್ಯನಿಗೆ ಟೈಮ್ ಇಲ್ಲ ಅಂತ. ಜೂನ್‌ನಲ್ಲಿ ಶಾಲೆ ರಜೆ ಬಿಟ್ಟಾಗ ಮಾರುವವರೇ ಜಾಸ್ತಿ. ಆಗ ಕೊಳ್ಳುವುದು ಒಳ್ಳೆಯದು, ಮಾರುವುದಲ್ಲ.

ಮಾರಿದ ದುಡ್ಡನ್ನು ಬ್ಯಾಂಕ್ ಮೂಲಕವೇ ಎನ್‌ಆರ್‌ಇ ಖಾತೆಗೆ, ಅಂದರೆ ಅನಿವಾಸಿಗಳು ಹೊರಗಿನ ದುಡಿಮೆ ಇಡುವ ಖಾತೆಗೆ, ಹಾಕಿ. ಅನಿವಾಸಿಯಾಗಿರುವಷ್ಟು ದಿನ ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ನಾಳೆ ಕಾರು ಕೊಂಡಾಗ ದುಡ್ಡು ಎಲ್ಲಿಂದ ಬಂತು ಅಂತ ಯಾರೂ ಕೇಳುವ ಹಾಗೂ ಇರುವುದಿಲ್ಲ. ಹವಾಲಾದಲ್ಲಿ ನಾಲ್ಕು ಪೈಸೆ ಜಾಸ್ತಿ ಸಿಗುತ್ತದೆ ಅಂತ ಹೋಗುವವರಿಗೆ ನಾನು ಏನೂ ಹೇಳುವುದಿಲ್ಲ, ಅವರು ಕೇಳುವುದೂ ಇಲ್ಲ.

ಊರಿನ ಗಾಡಿ, ಬೆಂಗಳೂರಿನ ಗಾಡಿ, ಹೈದರಾಬಾದ್ ಗಾಡಿ

ನಿಜವಾದ ಆಯ್ಕೆ ಇರುವುದು ಇಲ್ಲಿ. ನಮ್ಮ ಭಾಗದ ವಿಶೇಷ ಏನೆಂದರೆ ಬೇರೆ ರಾಜ್ಯದ ಮಾರುಕಟ್ಟೆ ಸ್ವಂತ ರಾಜಧಾನಿಗಿಂತ ಹತ್ತಿರ. ಬೀದರ್‌ನಿಂದ ಹೈದರಾಬಾದ್ ಸುಮಾರು 150 ಕಿ.ಮೀ. ಕಲಬುರಗಿಯಿಂದ ಸೋಲಾಪುರ ಇನ್ನೂ ಹತ್ತಿರ. ಬೆಂಗಳೂರು ಮಾತ್ರ 600 ಕಿ.ಮೀ. ಆಸುಪಾಸು. ಹಾಗಾಗಿ ಬೀದರ್‌ನವರಿಗೆ ಕಾರು ಅಂದರೆ ಮೊದಲು ಹೈದರಾಬಾದೇ ನೆನಪಾಗುತ್ತದೆ. ಮಾಡೆಲ್ ಜಾಸ್ತಿ, ಆಟೊಮ್ಯಾಟಿಕ್ ಜಾಸ್ತಿ, ಬೆಲೆಯೂ ಸ್ವಲ್ಪ ಕಡಿಮೆ. ಆದರೆ ಆ ಕಡಿಮೆ ಬೆಲೆ ನಿಮ್ಮ ಕೈಗೆ ಉಳಿಯುತ್ತದಾ ಅನ್ನುವುದು ಪ್ರಶ್ನೆ.

ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇದ್ದರೆ ಇಲ್ಲಿನ ನಂಬರ್ ಪಡೆಯಬೇಕು. ಹೊಸ ನಂಬರ್ ಅಂದರೆ ಕರ್ನಾಟಕದ ಲೈಫ್ ಟ್ಯಾಕ್ಸ್. ನಮ್ಮ ರಾಜ್ಯದ ದರ ದೇಶದಲ್ಲೇ ಜೋರು. ಹೊಸ ಕಾರಿಗೆ 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದಕ್ಕೂ ಮೇಲೆ 18. ಮೇಲೆ ಸೆಸ್ ಬೇರೆ. ಹಳೆ ಗಾಡಿಗೆ ಇದರ ಒಂದು ಪಾಲು, ವಯಸ್ಸು ಏರಿದ ಹಾಗೆ ಪಾಲು ಇಳಿಯುತ್ತದೆ. ಆದರೆ ನಿಧಾನವಾಗಿ ಇಳಿಯುತ್ತದೆ. ಐದು ವರ್ಷದ ಗಾಡಿಗೂ ಹೊಸದರ ತೆರಿಗೆಯ ಅರ್ಧಕ್ಕಿಂತ ಜಾಸ್ತಿಯೇ ಬೀಳುತ್ತದೆ. ನೀವು ಕೊಟ್ಟ ಬೆಲೆಯ ಮೇಲೆ ಅಲ್ಲ, ಹೊಸದಾಗಿದ್ದಾಗಿನ ಬೆಲೆಯ ಮೇಲೆ.

ಒಂದು ಲೆಕ್ಕ ನೋಡಿ. ಹೊಸದಾಗಿದ್ದಾಗ 12 ಲಕ್ಷ ಇದ್ದ ಎಸ್‌ಯುವಿ. ಪೂರ್ತಿ ತೆರಿಗೆ ಶೇ 17, ಅಂದರೆ 2.04 ಲಕ್ಷ. ಐದು ವರ್ಷದ ಗಾಡಿಗೆ ಅದರ ಅರ್ಧ ಅಂತಲೇ ಹಿಡಿದರೂ ಲಕ್ಷದ ಮೇಲೆ. ಹೈದರಾಬಾದ್‌ನಲ್ಲಿ ಅದೇ ಗಾಡಿ ಕಲಬುರಗಿಗಿಂತ 60 ಸಾವಿರ ಕಡಿಮೆಗೆ ಸಿಕ್ಕಿತು ಅಂತ ಹಿಗ್ಗಿ ಬಂದವರು ನಿಜವಾಗಿ 40 ಸಾವಿರಕ್ಕೂ ಜಾಸ್ತಿ ಕಳೆದುಕೊಂಡಿರುತ್ತಾರೆ. ಅಲ್ಲಿ ಕಟ್ಟಿದ ಟ್ಯಾಕ್ಸ್‌ನಲ್ಲಿ ಉಳಿದ ಭಾಗ ವಾಪಸ್ ಕೇಳಬಹುದು, ನಿಯಮ ಇದೆ. ಆದರೆ ಆ ದುಡ್ಡು ಕೈಗೆ ಬರುವವರೆಗೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

"ಬೀದರ್‌ನಾಗ ಎಷ್ಟೋ ಮಂದಿ ತೆಲಂಗಾಣದ ಟಿಜಿ ನಂಬರ್ ಮ್ಯಾಲೇ ವರ್ಷಗಟ್ಟಲೆ ಓಡಿಸ್ತಾರಲ್ರಿ" ಅನ್ನುತ್ತಾರೆ. ಹೌದು, ಓಡಿಸುತ್ತಾರೆ. ಗಡಿಯಾಚೆಯ ಜಹೀರಾಬಾದ್‌ಗೆ ದಿನಾ ಹೋಗಿಬರುವವರಿಗೆ ಯಾರೂ ಏನೂ ಅನ್ನುವುದಿಲ್ಲ. ಹಿಡಿದ ದಿನ ಮಾತ್ರ ತೆರಿಗೆ, ದಂಡ ಎರಡೂ ಒಟ್ಟಿಗೆ ಕಟ್ಟಬೇಕಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಆರ್‌ಸಿ ಇನ್ನೂ ಹಳೆ ಮಾಲೀಕನ ಹೆಸರಲ್ಲೇ ಇರುವುದು. ಅಪಘಾತವಾದರೆ ವಿಮೆ ಕ್ಲೇಮ್ ಮಾಡಲು ನೀವು ಯಾರು ಅಂತ ಕಂಪನಿ ಕೇಳುತ್ತದೆ. ಇಂಥ ಫೈಲು ನನ್ನ ಟೇಬಲ್ ಮೇಲೆ ಬಂದಾಗ ನಾನು ಮಾಡಬಹುದಾದದ್ದು ಚಹಾ ತರಿಸುವುದಷ್ಟೇ.

ಬೆಂಗಳೂರಿನ ಗಾಡಿಗೆ ಈ ರಗಳೆ ಇಲ್ಲ. ಅದೇ ರಾಜ್ಯ, ಅದೇ ನಂಬರ್, ತೆರಿಗೆ ಮತ್ತೆ ಕಟ್ಟುವುದಿಲ್ಲ. ಹೆಸರು ಬದಲಾದರೆ ಸಾಕು. ಕೆಎ-05 ನಂಬರ್ ಕಲಬುರಗಿಯಲ್ಲಿ ಓಡಿದರೆ ಯಾರಿಗೇನು? ಅಲ್ಲಿನ ಗಾಡಿಗೆ ಕಿಲೋಮೀಟರ್ ಕಡಿಮೆ, ಆದರೆ ಟ್ರಾಫಿಕ್‌ನಲ್ಲಿ ನಿಂತು ನಿಂತು ಕ್ಲಚ್ ಸವೆದಿರುತ್ತದೆ. ಕ್ಲಚ್ ಬದಲಿಸುವ ಖರ್ಚನ್ನು ಬೆಲೆಯಲ್ಲೇ ಇಳಿಸಿಕೊಳ್ಳಿ. ಸ್ವಂತ ಓಡಿಸಿಕೊಂಡು ಬಂದರೆ 600 ಕಿ.ಮೀ. ದಾರಿಯಲ್ಲೇ ಗಾಡಿಯ ಗುಣ ತಿಳಿಯುತ್ತದೆ, ಆದರೆ ಅಷ್ಟೊತ್ತಿಗೆ ದುಡ್ಡು ಕೊಟ್ಟಾಗಿರುತ್ತದೆ ಅನ್ನುವುದೂ ನಿಜ.

ಊರಿನ ಗಾಡಿಯ ದೊಡ್ಡ ಲಾಭ, ಮಾಲೀಕನ ಮನೆ ಗೊತ್ತು, ಮೆಕ್ಯಾನಿಕ್ ಗೊತ್ತು. ಯಾರ ಗಾಡಿ, ಎಲ್ಲಿ ಬಡಿದಿತ್ತು ಅಂತ ಎರಡು ಚಹಾ ಕುಡಿಯುವಷ್ಟರಲ್ಲಿ ತಿಳಿಯುತ್ತದೆ. ಆದರೆ ಸೇಡಂ, ವಾಡಿ, ಶಹಾಬಾದ್ ಕಡೆ ಓಡಿದ ಗಾಡಿಯನ್ನು ಎಚ್ಚರದಿಂದ ನೋಡಿ. ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿಯ ಧೂಳು ಏರ್ ಫಿಲ್ಟರ್, ಎಸಿ ಕಂಡೆನ್ಸರ್‌ಗೆ ಕೂತಿರುತ್ತದೆ. ಲಾರಿ ತುಳಿದ ರಸ್ತೆಯಲ್ಲಿ ಸಸ್ಪೆನ್ಷನ್ ಬುಷ್ ಉಳಿದಿರುವುದಿಲ್ಲ. ಕಾರ್ಖಾನೆಗೆ ಬಾಡಿಗೆಗೆ ಬಿಟ್ಟಿದ್ದ ಗಾಡಿಯಾ ಅಂತಲೂ ಕೇಳಿ.

ನಾನು ಹೇಳುವುದು ಹೀಗೆ. ಸ್ವಿಫ್ಟ್, ವ್ಯಾಗನ್ ಆರ್, ಐ20 ಥರದ ಎಲ್ಲೆಲ್ಲೂ ಸಿಗುವ ಗಾಡಿ ಬೇಕಾದರೆ ಊರು ಬಿಟ್ಟು ಹೋಗಬೇಡಿ. ಒಳ್ಳೆ ಇನ್ನೋವಾ, ಆಟೊಮ್ಯಾಟಿಕ್, ನಮ್ಮಲ್ಲಿ ಅಪರೂಪದ ಮಾಡೆಲ್ ಬೇಕು, ಅವಸರ ಇಲ್ಲ ಅಂದರೆ ಬೆಂಗಳೂರು. ಹೈದರಾಬಾದ್‌ಗೆ ಹೋಗುವುದು ತೆರಿಗೆ ಸೇರಿಸಿದ ಮೇಲೂ ಬೆಲೆ ಕಡಿಮೆ ಬಿದ್ದರೆ, ಅಥವಾ ಎದುರಿಗಿರುವ ಗಾಡಿ ಅಷ್ಟು ಚೊಕ್ಕ ಇದ್ದರೆ ಮಾತ್ರ. ಸೋಲಾಪುರ, ಲಾತೂರ್ ಗಾಡಿಗೂ ಇದೇ ಲೆಕ್ಕ.

ದಿಲ್ಲಿ ಗಾಡಿ? ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ದಾಟಿದ ಪೆಟ್ರೋಲ್ ಗಾಡಿಗಳ ಮೇಲಿನ ನಿರ್ಬಂಧದ ಗದ್ದಲದಿಂದ ಬೆಲೆ ಪಾತಾಳಕ್ಕೆ ಇಳಿಯುತ್ತದೆ. ನೋಡಲು ಸಸ್ತಾ. ತೆರಿಗೆ, ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ), 1,700 ಕಿ.ಮೀ. ಸಾಗಣೆ ಸೇರಿಸಿ ನೋಡಿ. 15 ವರ್ಷಕ್ಕೆ ಆರ್‌ಸಿ ನವೀಕರಣ ಬರುತ್ತದೆ, ಎಷ್ಟು ವರ್ಷ ಉಳಿದಿದೆ ಅಂತಲೂ ಎಣಿಸಿ. ದಿಲ್ಲಿ ಗಾಡಿ ತಗೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ನೀರಲ್ಲಿ ಮುಳುಗಿದ ಗಾಡಿ ಹಿಡಿಯುವುದು

2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್‌ನಲ್ಲಿ ಸುರಿದ ಮಳೆಗೆ ಬಡಾವಣೆಗಳೇ ಮುಳುಗಿದವು. ಅಂಥ ಮಳೆಯಲ್ಲಿ ಮುಳುಗಿದ ಗಾಡಿ ತೊಳೆದು, ಒಣಗಿಸಿ, ಸೀಟ್ ಕವರ್ ಹಾಕಿ ಮಾರಾಟಕ್ಕೆ ನಿಂತಿರುತ್ತದೆ. ಹೊರಗಿನಿಂದ ಗೊತ್ತಾಗುವುದಿಲ್ಲ.

ಮೊದಲು ಸೀಟ್ ಬೆಲ್ಟ್ ಅನ್ನು ಕೊನೆಯವರೆಗೆ ಎಳೆಯಿರಿ. ಒಳಗೆ ಸುತ್ತಿಕೊಂಡಿರುವ ಭಾಗವನ್ನು ತೊಳೆಯಲು ಯಾರಿಗೂ ನೆನಪಿರುವುದಿಲ್ಲ. ನೀರು ನಿಂತ ಮಟ್ಟದ ಕಂದು ಗೆರೆ ಅಲ್ಲಿ ಸಿಗುತ್ತದೆ. ಆಮೇಲೆ ಡಿಕ್ಕಿ ತೆಗೆದು ಸ್ಟೆಪ್ನಿ ಎತ್ತಿ, ಆ ಗುಂಡಿಯ ಮೂಲೆಯಲ್ಲಿ ಬೆರಳು ಆಡಿಸಿ. ನುಣ್ಣನೆಯ ಕೆಸರು ಬೆರಳಿಗೆ ಹತ್ತಿದರೆ ವಾಪಸ್ ಬನ್ನಿ. ಸೀಟಿನ ಕೆಳಗಿನ ರೈಲು, ಡ್ಯಾಶ್‌ಬೋರ್ಡ್ ಅಡಿಯ ಸ್ಕ್ರೂಗಳು ತುಕ್ಕು ಹಿಡಿದಿವೆಯಾ ಅಂತ ಮೊಬೈಲ್ ಟಾರ್ಚ್ ಹಾಕಿ ನೋಡಿ. ಮೇಲಿನಿಂದ ಬಂದ ಮಳೆ ಅಲ್ಲಿಗೆ ತಲುಪುವುದಿಲ್ಲ. ಗಾಜು ಏರಿಸಿ, ಎಸಿಯನ್ನು ಒಳಗಾಳಿಗೆ ಹಾಕಿ ಐದು ನಿಮಿಷ ಕೂತರೆ ಒದ್ದೆ ಗೋಣಿಯ ವಾಸನೆ ಬರುತ್ತದೆ. ಘಮಘಮ ಪರ್ಫ್ಯೂಮ್ ಹಾಕಿಟ್ಟಿದ್ದರೆ ಇನ್ನೂ ಅನುಮಾನ ಪಡಿ.

ಉಳಿದದ್ದು ಎಲ್ಲ ಗಾಡಿಗೂ ಅನ್ವಯಿಸುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದ ಟೈರು. ಮೀಟರ್ 25 ಸಾವಿರ ತೋರಿಸುತ್ತಾ ಪೆಡಲ್ ರಬ್ಬರ್ ನುಣ್ಣಗೆ ಸವೆದಿದ್ದರೆ ಮೀಟರ್ ಸುಳ್ಳು ಹೇಳುತ್ತಿದೆ. ಎಲ್ಲ ಗಾಜಿನ ಮೇಲೂ ತಯಾರಾದ ವರ್ಷದ ಗುರುತು ಇರುತ್ತದೆ, ಒಂದು ಗಾಜು ಬೇರೆ ಇದ್ದರೆ ಯಾಕೆ ಅಂತ ಕೇಳಿ. ಎಸಿ ಪರೀಕ್ಷೆ ಮಾಡುವುದಾದರೆ ಬೆಳಿಗ್ಗೆ ಬೇಡ. ಮಧ್ಯಾಹ್ನ ಎರಡು ಗಂಟೆಗೆ, ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಮಾಡಿ.

ಕಾಗದ, ಅದೂ ದೂರದಲ್ಲಿ ಕೂತವರಿಗೆ

ಟೋಕನ್ ಕೊಡುವ ಮುಂಚೆ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ. ಎಷ್ಟನೇ ಮಾಲೀಕ, ಲೋನ್ ಇದೆಯಾ, ವಿಮೆ ಯಾವಾಗ ಮುಗಿಯುತ್ತದೆ ಎಲ್ಲ ಸಿಗುತ್ತದೆ. ಲೋನ್ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಲೋನ್ ತೆಗೆಸುವ ಫಾರ್ಮ್ 35 ಇಲ್ಲದೆ ಪೂರ್ತಿ ದುಡ್ಡು ಕೊಡಬೇಡಿ. ತೆಲಂಗಾಣದ ಗಾಡಿಯಾದರೆ ಚಲನ್ ಬಾಕಿ ನೋಡಲೇಬೇಕು. ಅಲ್ಲಿ 2022ರಲ್ಲಿ, ಮತ್ತೆ 2023ರ ಕೊನೆಗೆ ಪೊಲೀಸರು ಬಾಕಿ ಚಲನ್‌ಗೆ ಭಾರೀ ರಿಯಾಯಿತಿ ಕೊಟ್ಟರು. ಅಂದಿನಿಂದ ಇನ್ನೊಂದು ರಿಯಾಯಿತಿ ಬರಲಿ ಅಂತ ಕಾಯುವವರೇ ಜಾಸ್ತಿ. ಅವರ ಬಾಕಿ ತೀರದೆ ನಿಮ್ಮ ಎನ್‌ಒಸಿ ಬರುವುದಿಲ್ಲ.

ಬೇರೆ ರಾಜ್ಯದ ಗಾಡಿಗೆ ಫಾರ್ಮ್ 28ರ ಎನ್‌ಒಸಿ, ಜೊತೆಗೆ ಹೆಸರು ಬದಲಿಸುವ ಫಾರ್ಮ್ 29 ಮತ್ತು 30. ಮಾರುವವರು ಅದೇ ರಾಜ್ಯದೊಳಗಾದರೆ 14 ದಿನ, ಹೊರರಾಜ್ಯಕ್ಕಾದರೆ 45 ದಿನದೊಳಗೆ ತಿಳಿಸಬೇಕು. ಕೊಂಡವರಿಗೆ 30 ದಿನ. ವಿಮೆ ಮಾತ್ರ 14 ದಿನದೊಳಗೆ ನಿಮ್ಮ ಹೆಸರಿಗೆ ಬರಲಿ. ಮಾರಿದವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಕಂತಿನಲ್ಲಿ ಸಿಗುವ ರಿಯಾಯಿತಿ) ಅವರ ಜೊತೆಗೇ ಹೋಗುತ್ತದೆ, ಆ ವ್ಯತ್ಯಾಸದ ದುಡ್ಡು ನೀವು ಕಟ್ಟಬೇಕು.

ದೂರದಲ್ಲಿರುವವರು ಕಾರನ್ನು ಯಾರ ಹೆಸರಿಗೆ ಮಾಡಿಸಬೇಕು? ಅಪ್ಪನ ಹೆಸರು, ತಮ್ಮನ ಹೆಸರು ಅಂತ ಮಾಡುವುದೇ ರೂಢಿ. ದಿನಾ ಯಾರು ಓಡಿಸುತ್ತಾರೋ ಅವರ ಹೆಸರಲ್ಲಿದ್ದರೆ ವಿಮೆಗೂ ಸುಲಭ, ಪೊಲೀಸ್ ನಿಲ್ಲಿಸಿದಾಗಲೂ ಸುಲಭ. ನಿಮ್ಮ ಹೆಸರಲ್ಲೇ ಬೇಕಾದರೆ ಆಧಾರ್‌ಗೆ ಜೋಡಿಸಿದ ಭಾರತದ ನಂಬರ್ ಚಾಲ್ತಿಯಲ್ಲಿರಲಿ. ಒಟಿಪಿ ಅದಕ್ಕೇ ಬರುತ್ತದೆ. ಆ ಸಿಮ್ ರೀಚಾರ್ಜ್ ಮಾಡದೆ ಸತ್ತುಹೋಗಿ, ಜೆದ್ದಾದಲ್ಲಿ ಒಬ್ಬರು, ಆರ್‌ಟಿಒ ಮುಂದೆ ಅವರ ಭಾವ ಒಬ್ಬರು ಫೋನು ಹಿಡಿದು ನಿಂತದ್ದನ್ನು ಬೇಕಾದಷ್ಟು ನೋಡಿದ್ದೇನೆ.

ವರ್ಷಕ್ಕೆ ಒಂದೇ ತಿಂಗಳು ಬರುವವರಾದರೆ ಕಾರೇ ಬೇಡ. ನಿಂತ ಗಾಡಿಯ ಬ್ಯಾಟರಿ ಸಾಯುತ್ತದೆ, ಇಲಿ ವೈರು ಕಡಿಯುತ್ತದೆ, ವಿಮೆ ಮಾತ್ರ ಓಡುತ್ತಿರುತ್ತದೆ. ಹೈದರಾಬಾದ್ ಏರ್‌ಪೋರ್ಟ್‌ನಲ್ಲೇ ಸೆಲ್ಫ್ ಡ್ರೈವ್ ಗಾಡಿ ತೆಗೆದುಕೊಳ್ಳಿ, ವಾಪಸ್ ಹೋಗುವಾಗ ಅಲ್ಲೇ ಬಿಡಿ.

ಕಾರಿಗಿಂತ ಮುಂಚೆ ಲೈಸೆನ್ಸ್ ತೆಗೆದು ನೋಡಿ. ಗಲ್ಫ್‌ನಲ್ಲಿ ಇದ್ದಷ್ಟು ದಿನ ಅಲ್ಲಿನ ಲೈಸೆನ್ಸ್ ಸಾಕಾಗಿರುತ್ತದೆ, ಇಲ್ಲಿನದು ಯಾವಾಗ ಮುಗಿಯಿತು ಅನ್ನುವುದೇ ಗೊತ್ತಿರುವುದಿಲ್ಲ. ಅವಧಿ ಮುಗಿಯುವ ಒಂದು ವರ್ಷ ಮುಂಚೆಯಿಂದ, ಮುಗಿದ ಒಂದು ವರ್ಷದವರೆಗೆ ನವೀಕರಿಸಬಹುದು. ಅದೂ ದಾಟಿದ್ದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕು. ರಿಯಾದ್‌ನಲ್ಲಿ ಹತ್ತು ವರ್ಷ ಟ್ರೇಲರ್ ಓಡಿಸಿದವರಿಗೂ ರಿಯಾಯಿತಿ ಇಲ್ಲ.